ಹತ್ತೊಂಬತ್ತನೆಯವನೇ ನಮ್ಮ ಹೀರೋ!

ಬೆಳಗಿನ ಜಾವ ಐದು ಗಂಟೆ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಮೊದಲ ಬಸ್ಸಿನ ಎಂಜಿನ್ ಗುರುಗುಟ್ಟುತ್ತಿದೆ. ಟೀ ಅಂಗಡಿಯಲ್ಲಿ ಹಾಲು ಉಕ್ಕುತ್ತಿದೆ. ಮಗ್ಗದ ಮನೆಗಳ ಕಡೆಯಿಂದ ಪವರ್‌ಲೂಮಿನ ಟಕಟಕ ಸದ್ದು. ಅಷ್ಟರಲ್ಲಿ ಮಂಜಿನ ತೆರೆ ಸೀಳಿಕೊಂಡು ನಾಲ್ಕೈದು ಹುಡುಗರು ಓಡಿ ಬರುತ್ತಾರೆ! ಒಬ್ಬನ ಕಾಲಲ್ಲಿ ಶೂ, ಇನ್ನೊಬ್ಬನದು ಬರಿಗಾಲು. ಒಬ್ಬನ ಕೈಯಲ್ಲಿ ಮೊಬೈಲು, ಅದರಲ್ಲಿ ಸೆಕೆಂಡುಗಳು ಓಡುತ್ತಿವೆ.

ಯಾವುದೋ ಹೊಸ ಚಿತ್ರದ ಟೈಟಲ್ ಸೀನು ಅಂದುಕೊಂಡಿರಾ? ಅಲ್ಲ ಸ್ವಾಮಿ! ಇವರು ಪೊಲೀಸ್ ಕಾನ್‌ಸ್ಟೇಬಲ್ ಕೆಲಸದ ಪರೀಕ್ಷೆಗೆ ತಯಾರಾಗುತ್ತಿರುವ ಹುಡುಗರು. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಒಂದು ಸೆಕೆಂಡು ತಡವಾದರೂ ಮನೆಗೆ! ದೇವನಹಳ್ಳಿ, ಹೊಸಕೋಟೆ, ನೆಲಮಂಗಲ... ಎಲ್ಲಿಗೆ ಹೋದರೂ ಬೆಳಗಿನ ಹೊತ್ತು ಈ ದೃಶ್ಯ ಕಾಣಿಸುತ್ತದೆ.

ಈ ಹುಡುಗರನ್ನು ಕಂಡಾಗಲೆಲ್ಲ ನನಗೆ ಒಬ್ಬ ಮನುಷ್ಯನ ನೆನಪಾಗುತ್ತದೆ. ಅವನ ಕಟೌಟು ಯಾವ ಥಿಯೇಟರಿನ ಮುಂದೆಯೂ ನಿಂತಿದ್ದನ್ನು ನಾನು ನೋಡಿಲ್ಲ. ಆದರೆ ಅವನ ಕಥೆ ಕೇಳಿದರೆ ಎಂಥಾ ಕಥಾ ಲೇಖಕನಿಗಾದರೂ ಹೊಟ್ಟೆಕಿಚ್ಚಾಗಬೇಕು!

ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಊರು ಬೆಳಗಾವಿ. ಹುಟ್ಟಿದ್ದು 1902ರಲ್ಲಿ. ಹೆಸರಿನಲ್ಲೇ ಎರಡೆರಡು 'ಅಪ್ಪ' ಇರುವ ಈ ಗಡಿನಾಡಿನ ಹುಡುಗ 1920ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದ. ಆ ಓಟವನ್ನು ಓಡಿ ಮುಗಿಸಿದ ಮೊಟ್ಟಮೊದಲ ಭಾರತೀಯ ಅವನೇ.

ಬಂದ ಸ್ಥಾನ ಹತ್ತೊಂಬತ್ತು.

'ಅಯ್ಯೋ, ಹತ್ತೊಂಬತ್ತಾ?' ಅಂತ ಪುಟ ತಿರುಗಿಸಬೇಡಿ ಮಿತ್ರರೇ. ಕಥೆ ಇರುವುದೇ ಅಲ್ಲಿ!

ಫ್ಲ್ಯಾಶ್‌ಬ್ಯಾಕ್

ಆಗ ಬೆಳಗಾವಿ ಇದ್ದದ್ದು ಬೊಂಬಾಯಿ ಪ್ರಾಂತ್ಯದಲ್ಲಿ. ದೇಶ ಬ್ರಿಟಿಷರ ಕೈಯಲ್ಲಿ. ಒಲಿಂಪಿಕ್ಸ್ ಎಂದರೆ ಏನು ಅಂತ ಕೇಳಿದರೆ ಊರಲ್ಲಿ ಒಬ್ಬನಿಗೂ ಗೊತ್ತಿರಲಿಕ್ಕಿಲ್ಲ. 1900ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಒಬ್ಬನೇ ಪ್ಯಾರಿಸ್ಸಿನಲ್ಲಿ ಓಡಿ ಎರಡು ಪದಕ ಗೆದ್ದಿದ್ದ. ಆದರೆ 'ಭಾರತದ ತಂಡ' ಅಂತ ಒಂದು ಹೋಗಿರಲೇ ಇಲ್ಲ.

ಈಗ ಪ್ರವೇಶಿಸುತ್ತಾರೆ ದೊರಾಬ್ಜಿ ಟಾಟಾ! ಉಕ್ಕಿನ ಕಾರ್ಖಾನೆ ಕಟ್ಟಿದ ಮನೆತನ, ಜಮ್ಶೆಡ್‌ಜಿಯವರ ಹಿರಿಯ ಮಗ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟಕ್ಕೆ ಹೋಗಿದ್ದರು. ಅಲ್ಲಿ ನೋಡಿದರೆ ಓಡಲು ಬಂದವರಲ್ಲಿ ಹೆಚ್ಚಿನವರು ಹೊಲದಲ್ಲಿ ಗೇಯುವ ರೈತರ ಮಕ್ಕಳು. ಶೂ ಇಲ್ಲ, ಕೋಚ್ ಇಲ್ಲ, ನಿಯಮ ಗೊತ್ತಿಲ್ಲ. ಬರಿಗಾಲಲ್ಲೇ ಮೈಲಿಗಟ್ಟಲೆ ದೂರದ ಓಟ ಓಡಿಬಿಟ್ಟರು! ಅವರು ತೆಗೆದುಕೊಂಡ ಸಮಯ ಕಂಡು ಟಾಟಾ ಬೆರಗಾದರು. ಯೂರೋಪಿನವರ ಪಕ್ಕ ನಿಲ್ಲಿಸಬಹುದಾದ ಸಮಯ ಅದು. 'ಇವರನ್ನು ಯಾಕೆ ಒಲಿಂಪಿಕ್ಸ್‌ಗೆ ಕಳಿಸಬಾರದು?' ಎಂಬ ಆಸೆ ಹುಟ್ಟಿದ್ದೇ ಅಲ್ಲಿ.

ಆ ಕಾಲದ ತಮಾಷೆಯ ಕಥೆಯೊಂದಿದೆ. ಒಲಿಂಪಿಕ್ಸ್‌ಗೆ ಹೋಗಬೇಕಾದರೆ ನೂರು ಮೀಟರನ್ನು ಎಷ್ಟು ಹೊತ್ತಿನಲ್ಲಿ ಓಡಬೇಕು ಅಂತ ಕೇಳಿದಾಗ ಜಿಮ್‌ಖಾನಾದ ಹಿರಿಯರೊಬ್ಬರು 'ಒಂದೆರಡು ನಿಮಿಷ ಆಗಬಹುದು' ಅಂದರಂತೆ! ನಿಮಿಷದ ಲೆಕ್ಕ ಅಲ್ಲ, ಸೆಕೆಂಡಿನ ಲೆಕ್ಕ ಅಂತ ತಿಳಿದಾಗ ಅವರ ಮುಖ ಹೇಗಾಗಿರಬೇಡ!

ನಗಬೇಡಿ. ಅಂಥ ಕಾಲದಲ್ಲಿ, ಅಂಥ ತಿಳಿವಳಿಕೆ ಇಟ್ಟುಕೊಂಡು ಹೊರಟವರು ಇವರು.

1920ರಲ್ಲಿ ಪುಣೆಯಲ್ಲಿ ಆಯ್ಕೆ ನಡೆಯಿತು. ಓಟಗಾರರು ನಾಲ್ಕು ಮಂದಿ: ಬಂಗಾಳದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ್, ಕೈಕಾಡಿ ಮತ್ತು ನಮ್ಮ ಚೌಗುಲೆ. ಜೊತೆಗೆ ಇಬ್ಬರು ಕುಸ್ತಿ ಪಟುಗಳು, ಕುಮಾರ ನವಲೆ ಮತ್ತು ರಣಧೀರ ಶಿಂಧೆ. ಒಟ್ಟು ಆರೇ ಜನ! ಟಾಟಾ ತಮ್ಮ ಜೇಬಿನಿಂದ ದುಡ್ಡು ಹಾಕಿದರು. ಜೂನ್ ತಿಂಗಳಲ್ಲಿ ಬೊಂಬಾಯಿಯಿಂದ ಹಡಗು ಹೊರಟಿತು. ಚೌಗುಲೆಗೆ ಆಗ ಹದಿನೆಂಟು ವರ್ಷ. ನಮ್ಮ ಹುಡುಗರು ಸೆಕೆಂಡ್ ಪಿಯುಸಿ ಓದುವ ವಯಸ್ಸು.

ಲಂಡನ್ನಿನಲ್ಲಿ ಕೆಲವು ವಾರ ತರಬೇತಿ. ಅಲ್ಲಿಂದ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಪಟ್ಟಣಕ್ಕೆ.

ಆಂಟ್‌ವರ್ಪ್‌ನ ಮಳೆಯಲ್ಲಿ...

1920ರ ಆಗಸ್ಟ್ 22. ಮೊದಲನೆ ಮಹಾಯುದ್ಧ ಮುಗಿದು ಇನ್ನೂ ಎರಡು ವರ್ಷವಾಗಿಲ್ಲ. ಐದು ಉಂಗುರಗಳ ಆ ಬಾವುಟವಿದೆಯಲ್ಲ, ಅದು ಒಲಿಂಪಿಕ್ಸ್‌ನಲ್ಲಿ ಮೊದಲು ಹಾರಿದ್ದು ಇದೇ ಕೂಟದಲ್ಲಿ. ಚಳಿ, ಮೇಲೆ ಮಳೆ. ಗೆರೆಯ ಮೇಲೆ ನಿಂತವರು 48 ಮಂದಿ.

ಅಂದಿನ ಮ್ಯಾರಥಾನ್ 42.75 ಕಿಲೋಮೀಟರ್. ಒಲಿಂಪಿಕ್ಸ್‌ನ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಅದು ಎಷ್ಟು ದೂರ ಅಂತ ಹೇಳುತ್ತೇನೆ ಕೇಳಿ: ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಿಂದ ಓಡಲು ಶುರು ಮಾಡಿ, ಯಲಹಂಕ ದಾಟಿ, ಮೆಜೆಸ್ಟಿಕ್ಕಿಗೆ ಬಂದರೂ ಮುಗಿಯುವುದಿಲ್ಲ. ಅಲ್ಲಿಂದ ಇನ್ನೂ ಟೌನ್‌ಹಾಲ್ ಕಡೆಗೆ ಓಡುತ್ತಲೇ ಇರಬೇಕು. ನಮ್ಮ ಸೀಟಿನಲ್ಲಿ ಕೂತು ನಿದ್ದೆ ಹೊಡೆಯುತ್ತಾ ಬಂದರೇ ಸುಸ್ತಾಗುವ ದಾರಿ ಅದು!

ಎದುರಿಗೆ ಇದ್ದವನು ಯಾರು ಗೊತ್ತೇ? ಫಿನ್‌ಲ್ಯಾಂಡಿನ ಹಾನ್ನೆಸ್ ಕೋಲೆಮೈನೆನ್. 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಮೂರು ಚಿನ್ನ ಗೆದ್ದ ಹುಲಿ! ಅವನೇ ಗೆದ್ದ. ಸಮಯ 2 ಗಂಟೆ 32 ನಿಮಿಷ 35.8 ಸೆಕೆಂಡು. ಅವನ ಬೆನ್ನಿಗೇ, ಹದಿಮೂರು ಸೆಕೆಂಡಿನಷ್ಟು ಹಿಂದೆ, ಎಸ್ಟೋನಿಯಾದ ಯೂರಿ ಲೊಸ್ಮನ್. ಮೂರನೆಯವನು ಇಟಲಿಯ ವಲೇರಿಯೊ ಅರ್ರಿ. ಅವನಂತೂ ಗೆರೆ ದಾಟಿದ ಖುಷಿಗೆ ಅಲ್ಲೇ ಮೂರು ಲಾಗ ಹಾಕಿದನಂತೆ!

ಚಿನ್ನ ಆಯಿತು, ಬೆಳ್ಳಿ ಆಯಿತು, ಕಂಚು ಆಯಿತು. ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ' ಬೀಳುತ್ತಿತ್ತು.

ಆದರೆ ಬೆಳಗಾವಿಯ ಹುಡುಗ ಇನ್ನೂ ರಸ್ತೆಯ ಮೇಲಿದ್ದಾನೆ!

ಅವನು ಓಡಿದ ವೇಗದ ಲೆಕ್ಕ ಹಾಕಿದರೆ, ಕೋಲೆಮೈನೆನ್ ಗೆದ್ದ ಹೊತ್ತಿಗೆ ಚೌಗುಲೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಬಾಕಿ ಇತ್ತು. ಕಾಯುತ್ತಿರುವ ಪದಕ ಯಾವುದೂ ಇಲ್ಲ. ಕೂಗಿ ಹುರಿದುಂಬಿಸಲು ಊರಿನವರಿಲ್ಲ. ಹಾಡು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಅವನ ಜೊತೆ ಅದೇ ಹಡಗಿನಲ್ಲಿ ಬಂದಿದ್ದ ದಾತಾರ್ ಓಟ ಮುಗಿಸಲಾಗದೆ ದಾರಿಯಲ್ಲೇ ಉಳಿದರು. 48 ಜನರಲ್ಲಿ ಗುರಿ ಮುಟ್ಟಿದವರೇ 35. ನಿಂತುಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವನು ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45.4 ಸೆಕೆಂಡಿಗೆ ಗೆರೆ ಮುಟ್ಟಿದ. ಹತ್ತೊಂಬತ್ತನೆಯವನಾಗಿ.

ಅವನ ಹಿಂದೆ 29 ಜನರಿದ್ದರು ಸ್ವಾಮಿ! ಕೆಲವರು ಆಮೇಲೆ ಬಂದರು, ಕೆಲವರು ಬರಲೇ ಇಲ್ಲ.

ಆರೂವರೆ ನಿಮಿಷದ ಲೆಕ್ಕ

ಈಗ ನಮ್ಮ ದೊಡ್ಡಬಳ್ಳಾಪುರದ ಹುಡುಗರ ಹತ್ತಿರ ಬರೋಣ. 1600 ಮೀಟರ್, ಆರೂವರೆ ನಿಮಿಷ. ನಾನು ಪೆನ್ನು ಹಿಡಿದು ಒಂದು ಲೆಕ್ಕ ಮಾಡಿದೆ. ಮಾಡಿ ಎರಡು ನಿಮಿಷ ಸುಮ್ಮನೆ ಕೂತುಬಿಟ್ಟೆ.

ಚೌಗುಲೆ ಒಂದೊಂದು ಕಿಲೋಮೀಟರಿಗೆ ತೆಗೆದುಕೊಂಡದ್ದು ಸರಾಸರಿ ನಾಲ್ಕು ನಿಮಿಷ. ಆ ವೇಗದಲ್ಲಿ 1600 ಮೀಟರ್ ಅಂದರೆ 6 ನಿಮಿಷ 23 ಸೆಕೆಂಡು. ಅಂದರೆ ನಮ್ಮ ಹುಡುಗರು ತಿಂಗಳುಗಟ್ಟಲೆ ಬೆವರು ಸುರಿಸಿ ಒಂದು ಸಲ ಪಾಸು ಮಾಡುವ ಪರೀಕ್ಷೆಯನ್ನು ಅವನು ಒಂದರ ಮೇಲೊಂದು ಇಪ್ಪತ್ತಾರು ಸಲ ಪಾಸು ಮಾಡಿದ! ಆಮೇಲೂ ಸಾವಿರಕ್ಕೆ ಮೇಲ್ಪಟ್ಟು ಮೀಟರ್ ಉಳಿದಿತ್ತು, ಅದನ್ನೂ ಓಡಿದ. ಅದೂ ನೂರು ವರ್ಷಕ್ಕೂ ಹಿಂದೆ!

ಇಲ್ಲಿ ನನ್ನದೊಂದು ಮಾತು ಹೇಳಿಬಿಡುತ್ತೇನೆ. ಕಾಲೇಜು ಬಿಟ್ಟ ಮೇಲೆ ನಾನೂ ಇಂಥದೊಂದು ಪರೀಕ್ಷೆಗೆ ಓಡಿದವನೇ. ಮೂರು ಸುತ್ತು ಚೆನ್ನಾಗೇ ಇತ್ತು. ನಾಲ್ಕನೆಯದರಲ್ಲಿ ಮುಂದಿನವರು ಒಬ್ಬೊಬ್ಬರೇ ಗೆರೆ ಮುಟ್ಟಿ ಕೈ ಎತ್ತಿದ್ದು ಕಂಡಿತು. 'ಮುಗೀತು, ಇನ್ನೇನು' ಅಂತ ಮನಸ್ಸು ಅಂದಿತು. ಮನಸ್ಸು ಅಂದಕೂಡಲೇ ಕಾಲೂ ಕೇಳಿತು. 6 ನಿಮಿಷ 41 ಸೆಕೆಂಡು. ಹನ್ನೊಂದು ಸೆಕೆಂಡಿಗೆ ಕೆಲಸ ಹೋಯಿತು. ತಪ್ಪು ಯಾರದೂ ಅಲ್ಲ, ನನ್ನದೇ. ಆವತ್ತು ನಾನು ಸೋತದ್ದು ಗಡಿಯಾರಕ್ಕಲ್ಲ, ಮುಂದಿನವರ ಬೆನ್ನಿಗೆ.

ಅದಕ್ಕೇ ನನಗೆ ಕೋಲೆಮೈನೆನ್‌ಗಿಂತ ಚೌಗುಲೆ ದೊಡ್ಡವನಾಗಿ ಕಾಣುತ್ತಾನೆ. ಮುಂದೆ ಇರುವವನಿಗೆ ಓಡಲು ಕಾರಣ ಬೇಕಾದಷ್ಟಿರುತ್ತದೆ. ಎಲ್ಲ ಬಹುಮಾನ ಹಂಚಿಹೋದ ಮೇಲೂ ನಾಲ್ಕೂವರೆ ಕಿಲೋಮೀಟರ್ ಓಡುವವನಿಗೆ ಇರುವುದು ಅವನ ಕಾಲು, ಅವನ ಮಾತು. ಅಷ್ಟೇ.

ಗಾಂಧಿನಗರಕ್ಕೆ ಒಂದು ಪ್ರಶ್ನೆ

ಓಟಗಾರರ ಚಿತ್ರಗಳು ಬಂದಿಲ್ಲ ಅಂತ ಅಲ್ಲ. ನಮ್ಮ ಕನ್ನಡದಲ್ಲೇ 1993ರಲ್ಲಿ ಟಿ.ಎಸ್. ನಾಗಾಭರಣರ 'ಚಿನ್ನಾರಿ ಮುತ್ತ' ಬಂತು. ಹಳ್ಳಿ ಬಿಟ್ಟು ಬೆಂಗಳೂರು ಸೇರಿ ಓಟಗಾರನಾಗುವ ಹುಡುಗನ ಪಾತ್ರದಲ್ಲಿ ಬಾಲಕ ವಿಜಯ್ ರಾಘವೇಂದ್ರ ಮನೆಮನೆಯ ಮಗನಾದ. ಹಿಂದಿಯಲ್ಲಿ 2012ರಲ್ಲಿ 'ಪಾನ್ ಸಿಂಗ್ ತೋಮರ್'. ಸೈನ್ಯದ ಸ್ಟೀಪಲ್‌ಚೇಸ್ ಓಟಗಾರ ಚಂಬಲ್ ಕಣಿವೆಯ ಡಕಾಯಿತನಾದ ನಿಜ ಕಥೆ. ದಿವಂಗತ ಇರ್ಫಾನ್ ಖಾನ್ ಅದಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. 2013ರಲ್ಲಿ ಫರ್ಹಾನ್ ಅಖ್ತರ್ ಮಿಲ್ಖಾ ಸಿಂಗ್ ಆಗಿ 'ಭಾಗ್ ಮಿಲ್ಖಾ ಭಾಗ್'ನಲ್ಲಿ ಓಡಿದರು.

ಆ ಮಿಲ್ಖಾ ಚಿತ್ರವನ್ನೇ ನೋಡಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಬಂದದ್ದು ನಾಲ್ಕನೆಯವರಾಗಿ. ಚಿತ್ರ ಆ ಸೋಲಿನಿಂದ ಶುರುವಾಗುತ್ತದೆ, ಆದರೆ ಮುಗಿಯುವುದು ಲಾಹೋರಿನ ಗೆಲುವಿನಲ್ಲಿ! ಯಾಕೆ? ಸೋತ ಹೀರೋನನ್ನು ಮನೆಗೆ ಕಳಿಸಿದರೆ ಗಲ್ಲಾಪೆಟ್ಟಿಗೆ ಮುನಿಯುತ್ತದೆ ಅಂತ ನಿರ್ಮಾಪಕರ ಭಯ. ನಾಲ್ಕನೆಯವನಿಗೇ ಈ ಗತಿಯಾದರೆ ಹತ್ತೊಂಬತ್ತನೆಯವನ ಪಾಡೇನು?

ಆದರೆ ಸೀಟಿ ಹೊಡೆಯುವ ನಾವು ಯಾರು? ನಮ್ಮಲ್ಲಿ ಫಸ್ಟ್ ಬಂದವರು ಎಷ್ಟು ಜನ? ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ನಿಂತೇ ಓದುವ ನಾವೆಲ್ಲ ಹತ್ತೊಂಬತ್ತನೆಯವರು, ಇಪ್ಪತ್ತೊಂಬತ್ತನೆಯವರು. ನಮ್ಮ ಹೀರೋನನ್ನು ನಮಗೆ ತೋರಿಸಿದರೆ ನಾವು ಟಿಕೆಟ್ ಕೊಳ್ಳುವುದಿಲ್ಲವೇ?

ಅವನು ಬಿಟ್ಟುಹೋದ ದಾರಿ

ಆರು ಜನರ ಆ ತಂಡದಿಂದ ಮುಂದೆ ಏನೇನಾಯಿತು ನೋಡಿ. ಕುಸ್ತಿಯಲ್ಲಿ ರಣಧೀರ ಶಿಂಧೆ ನಾಲ್ಕನೆಯವರಾದರು, ಕಂಚು ಕೂದಲೆಳೆಯಲ್ಲಿ ತಪ್ಪಿತು. ಪದಕ ಒಂದೂ ಬರಲಿಲ್ಲ. ಆದರೂ 1924ರಲ್ಲಿ ಪ್ಯಾರಿಸ್‌ಗೆ ಮತ್ತೆ ಭಾರತದ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಟಾಟಾ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷವೇ ಹಾಕಿಯಲ್ಲಿ ಚಿನ್ನ!

ಮ್ಯಾರಥಾನಿನಲ್ಲಿ ಮಾತ್ರ ದಾರಿ ಬಹಳ ಉದ್ದವಾಯಿತು. 1976ರ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ ಹನ್ನೊಂದನೆಯ ಸ್ಥಾನಕ್ಕೆ ಬಂದರು. ಚೌಗುಲೆ ಓಡಿ ಆಗಲೇ ಐವತ್ತಾರು ವರ್ಷ! ಅದೇ ಶಿವನಾಥ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಓಡಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅಲುಗಲಿಲ್ಲ.

ಬೆಂಗಳೂರಿನಲ್ಲೂ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟ ನಡೆಯುತ್ತಾ ಬಂದಿದೆ. ಸಾವಿರಾರು ಜನ ಬಣ್ಣಬಣ್ಣದ ಬನಿಯನ್ ತೊಟ್ಟು ಓಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದು ಟಾಟಾ ಬಳಗದ ಕಂಪನಿಯೊಂದರ ಹೆಸರಿನಲ್ಲೇ ನಡೆದದ್ದನ್ನು ಕಂಡಾಗ ನನಗೆ ಪುಣೆಯ ಬರಿಗಾಲಿನ ಹುಡುಗರೇ ಕಣ್ಣ ಮುಂದೆ ಬಂದರು. ಅಲ್ಲಿ ಓಡುವ ಸಾವಿರಾರು ಜನರಲ್ಲಿ ಚೌಗುಲೆ ಎಂಬ ಹೆಸರು ಕೇಳಿದವರು ಎಷ್ಟಿರಬಹುದು? ಒಬ್ಬರನ್ನು ಕೇಳಿ ನೋಡಿ.

ಆದ್ದರಿಂದ ಗಾಂಧಿನಗರದ ಅಣ್ಣಂದಿರೇ, ನಿಮ್ಮಲ್ಲೊಬ್ಬರು ಎದೆಗಾರಿಕೆ ತೋರಿಸಿ. ಮಳೆ ಸುರಿಯಲಿ, ಮೂರು ಪದಕವೂ ಹೋಗಲಿ, ಇಟಲಿಯವನು ಲಾಗ ಹಾಕಲಿ. ಕ್ಯಾಮರಾ ಮಾತ್ರ ಅವರನ್ನೆಲ್ಲ ಬಿಟ್ಟು ಆ ಉದ್ದನೆಯ ರಸ್ತೆಗೆ ವಾಪಸ್ ಬರಲಿ. ಅಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬ ಓಡುತ್ತಿರಲಿ. ಹದಿನೆಂಟು ನಿಮಿಷ, ಮಾತಿಲ್ಲದೆ. ಥಿಯೇಟರ್ ಎದ್ದು ನಿಲ್ಲದಿದ್ದರೆ ನನ್ನನ್ನು ಕೇಳಿ!

ಇನ್ನು ಬೆಳಗಿನ ಜಾವ ಓಡುವ ತಮ್ಮಂದಿರಿಗೆ ಒಂದು ಮಾತು. ನಾಲ್ಕನೆಯ ಸುತ್ತಿನಲ್ಲಿ ಮುಂದಿನವರು ಕೈ ಎತ್ತಿದ್ದು ಕಂಡರೆ ಅತ್ತ ನೋಡಬೇಡಿ. ನಿಮ್ಮ ಗೆರೆ ಇನ್ನೂ ಅಲ್ಲೇ ಇದೆ. ಅದನ್ನು ನೀವೇ ಮುಟ್ಟಬೇಕು.