ಮುದ್ದೆ ಊಟ ಮತ್ತು ಸಕ್ಕರೆ ಕಾಯಿಲೆ

ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆ ಯಾರನ್ನೇ ಕೇಳಿ, ಊಟವೆಂದರೆ ಮುದ್ದೆ ಊಟ. ಮನೆಯಲ್ಲಿ ಬಸ್ಸಾರು, ಉಪ್ಪೆಸರಿನ ಜೊತೆ ಉಣ್ಣುವ ಈ ಮುದ್ದೆ ಮಿಲಿಟರಿ ಹೋಟೆಲಿನಲ್ಲಿ ನಾಟಿಕೋಳಿ ಸಾರು, ಬೋಟಿ, ತಲೆಮಾಂಸದ ಜೊತೆ ಎಲೆಗೆ ಬೀಳುತ್ತದೆ. ಬೆಂಗಳೂರಿನ ಶಿವಾಜಿ ಮಿಲಿಟರಿ ಹೋಟೆಲ್ 1935ರಿಂದ ನಡೆದು ಬಂದಿದೆ. ಊರು ಬಿಟ್ಟು ಪಟ್ಟಣ ಸೇರಿದವರಿಗೆ ಇಂಥ ಹೋಟೆಲುಗಳ ಊಟದಲ್ಲಿ ತವರಿನ ರುಚಿ ಸಿಗುತ್ತದೆ.

ಈ ಊಟವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ! ಆದರೆ ಮಧುಮೇಹಿಗಳು ಆಡುವ ಒಂದು ಮಾತು ಚಿಂತೆ ಹುಟ್ಟಿಸುತ್ತದೆ: 'ಅನ್ನ ಬಿಟ್ಟು ಮುದ್ದೆಗೆ ಬಂದಿದೀನಿ ಡಾಕ್ಟ್ರೇ, ಇನ್ನು ಮಾತ್ರೆ ಯಾಕೆ?'

ರಾಗಿ ಒಳ್ಳೆಯ ಧಾನ್ಯವೆಂಬುದರಲ್ಲಿ ಸಂಶಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣದ ಅಂಶವಂತೂ ಹಾಲಿನ ಸುಮಾರು ಮೂರು ಪಟ್ಟು. (ಮೂಳೆ ಮುರಿದವರು ಕಾಲು ಸೂಪಿಗೆ ಓಡುತ್ತಾರೆ. ಸೂಪಿಗಿಂತ ಹೆಚ್ಚು ಸುಣ್ಣ ಪಕ್ಕದ ಮುದ್ದೆಯಲ್ಲೇ ಇರುತ್ತದೆ.) ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವೂ ಇದೆ. ಅಕ್ಕಿಯಲ್ಲಿರುವುದು 78 ಗ್ರಾಂ. ಅಂತರ ಅಷ್ಟೇ! ಹಿಟ್ಟು ನುಣ್ಣಗಾದಷ್ಟೂ ಪಿಷ್ಟ ಬೇಗ ಜೀರ್ಣವಾಗಿ, ರಕ್ತದ ಸಕ್ಕರೆ ಬೇಗ ಏರುತ್ತದೆ. ಎರಡು ದೊಡ್ಡ ಮುದ್ದೆ ನುಂಗಿ, ಮೇಲೆ 'ಸ್ವಲ್ಪ' ಅನ್ನವನ್ನೋ ಕುಷ್ಕವನ್ನೋ ಹಾಕಿಸಿಕೊಂಡವರ ಸಕ್ಕರೆ ಇಳಿಯುವುದಾದರೂ ಹೇಗೆ?

ಹೊಲದಲ್ಲಿ ಗೇಯುತ್ತಿದ್ದ ಅಜ್ಜ ಮೂರು ಮುದ್ದೆ ಉಂಡು ಅರಗಿಸಿಕೊಂಡರು. ಮೊಮ್ಮಗ ಕಾರಿನಲ್ಲಿ ಬಂದು, ಉಂಡು, ಕಾರಿನಲ್ಲೇ ಹೋಗುತ್ತಾನೆ.

ಹಾಗಾದರೆ ಹೇಗೆ ಉಣ್ಣಬೇಕು? ಒಂದು ಸಣ್ಣ ಮುದ್ದೆ ಸಾಕು, ಆಮೇಲೆ ಅನ್ನ ಬೇಡ. ಕೋಳಿಯ ತುಂಡು ಎರಡು ಹೆಚ್ಚಾದರೂ ಚಿಂತೆಯಿಲ್ಲ. ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿ. ರಕ್ತದೊತ್ತಡ ಇರುವವರು ಸಾರನ್ನು ಬಟ್ಟಲುಗಟ್ಟಲೆ ಕುಡಿಯಬಾರದು. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಒಂದೇ ಊಟದಲ್ಲಿ ದಾಟಿಹೋದೀತು. ಯೂರಿಕ್ ಆಸಿಡ್ ಹೆಚ್ಚಿದ್ದು ಕಾಲಿನ ಹೆಬ್ಬೆರಳು ಊದಿ ನೋಯುವವರಿಗೆ ಲಿವರ್, ಬೋಟಿ ಬೇಡವೇ ಬೇಡ.

ಮುದ್ದೆ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಬೇಕಾದರೆ, ಊಟಕ್ಕೆ ಕುಳಿತ ಎರಡು ಗಂಟೆಗೆ ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ 180 ದಾಟಿದ್ದರೆ ಮುದ್ದೆಯ ಗಾತ್ರ ಇಳಿಸಿ, ಮತ್ತೊಮ್ಮೆ ನೋಡಿ. ಮಾತ್ರೆ ಬಿಡುವ, ಕಡಿಮೆ ಮಾಡುವ ಮಾತು ಆ ಚೀಟಿಗಳನ್ನು ನಿಮ್ಮ ವೈದ್ಯರಿಗೆ ತೋರಿಸಿದ ಮೇಲೆ.