ಪುಟಾಣಿ ವಿಮಾನದ ಎಂಜಿನ್: ಹೆಚ್ಚಿನ ಶಕ್ತಿ ಎಲ್ಲಿಂದ?

ಮಂಗಳೂರಿನ ಮೈದಾನದಲ್ಲಿ ಸಲೀಸಾಗಿ ಮೇಲೇರಿದ ಮಾದರಿ ವಿಮಾನ ಬೆಂಗಳೂರಿಗೆ ಬಂದೊಡನೆ ಏದುಸಿರು ಬಿಡುವುದುಂಟು. ಎಂಜಿನ್ ಸವೆದಿದೆಯೆಂದು ಭಾವಿಸಿ ದುಬಾರಿ ಇಂಧನಕ್ಕೆ ಮೊರೆಹೋಗುವ ಹವ್ಯಾಸಿಗಳೂ ಇದ್ದಾರೆ. ಆದರೆ ಇಲ್ಲಿ ಕೊರತೆ ಗಾಳಿಯದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 8ರಷ್ಟು ಕಡಿಮೆ. ಸಿಲಿಂಡರಿಗೆ ಆಮ್ಲಜನಕ ಕಡಿಮೆ ದೊರೆಯುವಾಗ ಹಳೆಯ ಪ್ರಮಾಣದಲ್ಲೇ ಇಂಧನ ಹರಿದರೆ ಎಂಜಿನ್ ಮುಗ್ಗರಿಸುತ್ತದೆ. ನೀಡಲ್ ವಾಲ್ವನ್ನು ತುಸು ಬಿಗಿಗೊಳಿಸುವುದೇ ಇದಕ್ಕೆ ಮೊದಲ ಚಿಕಿತ್ಸೆ, ಖರ್ಚೂ ಇಲ್ಲ.

ಈ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗ್ಲೋ ಪ್ಲಗ್‌ನ ಪ್ಲಾಟಿನಂ ತಂತಿಯನ್ನು ಬ್ಯಾಟರಿಯಿಂದ ಕಾಯಿಸಿ ಎಂಜಿನ್ ಚಾಲೂ ಮಾಡಲಾಗುತ್ತದೆ. ಅನಂತರ ದಹನದ ಶಾಖ ಹಾಗೂ ಪ್ಲಾಟಿನಂ ಮೇಲೆ ಮೆಥನಾಲ್ ನಡೆಸುವ ರಾಸಾಯನಿಕ ಕ್ರಿಯೆಯಿಂದ ತಂತಿ ತಾನೇ ಕೆಂಪಗಿರುತ್ತದೆ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಎಂಜಿನ್‌ಗೆ ಜಾರುಕ. ನಮ್ಮ ಹಿರಿಯರ ಹರಳೆಣ್ಣೆ ಇಂದಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ.

ನೈಟ್ರೋಮೀಥೇನ್‌ನ ಖ್ಯಾತಿಗೆ ಕಾರಣವಿಲ್ಲದಿಲ್ಲ. ಒಂದು ಕಿಲೋ ಮೆಥನಾಲ್ ಪೂರ್ಣವಾಗಿ ಉರಿಯಲು ಸುಮಾರು 6.5 ಕಿಲೋ ಗಾಳಿ ಬೇಕು. ಆಮ್ಲಜನಕವನ್ನು ತನ್ನೊಳಗೇ ಹೊತ್ತಿರುವ ನೈಟ್ರೋಮೀಥೇನ್‌ಗೆ ಸಾಕಾಗುವುದು 1.7 ಕಿಲೋ ಮಾತ್ರ. ಹೀಗಾಗಿ ಅದೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಸಿ ಹೆಚ್ಚು ಶಕ್ತಿ ಪಡೆಯಬಹುದು. ಆದರೆ ಅದರ ಪ್ರಮಾಣ ಏರಿಸಿದಾಗ ಸಂಪೀಡನವನ್ನು ತಗ್ಗಿಸದಿದ್ದರೆ ದಹನ ಅವಧಿಗೆ ಮುನ್ನವೇ ನಡೆದು ಎಂಜಿನ್‌ಗೆ ಪೆಟ್ಟು ಬೀಳುತ್ತದೆ. ಇದಕ್ಕಾಗಿ ಸಿಲಿಂಡರ್ ತಲೆಯ ಕೆಳಗೆ ತೆಳು ಶಿಮ್ ಸೇರಿಸುವುದು ರೂಢಿ.

ನೈಟ್ರೋ ಇಲ್ಲದೆಯೂ ಎಷ್ಟು ಸಾಧ್ಯ ಎಂಬುದಕ್ಕೆ ಅಂತರರಾಷ್ಟ್ರೀಯ ಎಫ್2ಎ ವೇಗ ಸ್ಪರ್ಧೆಯೇ ಸಾಕ್ಷಿ. ಅಲ್ಲಿ ಎಂಜಿನ್ 2.5 ಸಿಸಿ ಮೀರುವಂತಿಲ್ಲ. ಇಂಧನ ಶೇ 80 ಮೆಥನಾಲ್, ಶೇ 20 ಹರಳೆಣ್ಣೆ. ಆದರೂ ವಿಮಾನಗಳು ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗ ಮುಟ್ಟುತ್ತವೆ. ಹೊಗೆಯ ಒತ್ತಡದ ಅಲೆಯನ್ನು ಹಿಂದಿರುಗಿಸಿ, ಹೊರಜಾರುವ ಮಿಶ್ರಣವನ್ನು ಮರಳಿ ಸಿಲಿಂಡರಿಗೆ ನೂಕುವ ಟ್ಯೂನ್ಡ್ ಪೈಪ್ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.

ಸಾಮಾನ್ಯ ಹವ್ಯಾಸಿಗೆ ಅಷ್ಟು ದೂರ ಹೋಗಬೇಕಿಲ್ಲ. ಪ್ರೊಪೆಲ್ಲರ್ ಬದಲಿಸಿ ನೋಡುವುದೇ ಲೇಸು. ಪಿಚ್ ಹಾಗೂ ಸುತ್ತುವ ವೇಗ ಒಂದೇ ಇದ್ದರೂ, ವ್ಯಾಸ 10 ಅಂಗುಲದಿಂದ 11ಕ್ಕೆ ಏರಿದರೆ ಎಂಜಿನ್ ಮೇಲಿನ ಹೊರೆ ಸುಮಾರು ಶೇ 45ರಷ್ಟು ಹೆಚ್ಚುತ್ತದೆ. ಹೊರೆ ಅತಿಯಾದ ಎಂಜಿನ್ ತನ್ನ ಗರಿಷ್ಠ ಶಕ್ತಿಯ ವೇಗವನ್ನು ಮುಟ್ಟುವುದೇ ಇಲ್ಲ.

ಇಂಧನ ತೀರಾ ಕಡಿತಗೊಳಿಸುವುದು ಮಾತ್ರ ಅಪಾಯಕರ. ಕೊನೆಯ ಕ್ಷಣದ ಚುರುಕು ಕಿವಿಗೆ ಇಂಪಾದರೂ, ಎಣ್ಣೆಯೂ ಇಂಧನದೊಂದಿಗೇ ಬರುವುದರಿಂದ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಗರಿಷ್ಠ ವೇಗ ಮುಟ್ಟಿದ ಬಳಿಕ ವಾಲ್ವ್ ತುಸು ಸಡಿಲಿಸಿ, ವಿಮಾನದ ಮೂತಿ ಮೇಲೆತ್ತಿ ಹಿಡಿದು ಸದ್ದು ಆಲಿಸಬೇಕು. ಆಗ ಎಂಜಿನ್ ಸೊರಗಿದರೆ ಇನ್ನಷ್ಟು ಸಡಿಲಿಸಬೇಕು. ಈ ಹೊಂದಾಣಿಕೆಯನ್ನು ಪ್ರೊಪೆಲ್ಲರ್‌ನ ಹಿಂಬದಿಯಿಂದಲೇ ಮಾಡಬೇಕು. ಬೆರಳು ಕಳೆದುಕೊಳ್ಳಲು ಈ ಪುಟ್ಟ ಎಂಜಿನ್ ಸಾಕು. ಮೆಥನಾಲ್ ವಿಷಕಾರಿ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ.