ಜಾಗ ಇದೆ, ತೂಕ ಇಲ್ಲ: ಕ್ಯಾಂಪಿಂಗ್‌ಗೆ ಗಾಡಿ ತುಂಬುವ ಲೆಕ್ಕ

ಫೋರ್ ವ್ಹೀಲ್ ಡ್ರೈವ್ ಗಾಡಿ ಇದ್ದರೆ ಎಲ್ಲಿಗೆ ಬೇಕಾದ್ರೂ ಹೋಗಬಹುದು, ಏನು ಬೇಕಾದ್ರೂ ತುಂಬಬಹುದು ಅಂತ ತುಂಬಾ ಜನ ನಂಬಿದ್ದಾರೆ. ಮೊದಲನೇ ಮಾತು ಅರ್ಧ ನಿಜ, ಎರಡನೆಯದು ಸುಳ್ಳು. ಮನೆಮಂದಿ ಎಲ್ಲ ಸೇರಿ ಊರಾಚೆ ಎರಡು ರಾತ್ರಿ ಟೆಂಟ್ ಹಾಕಿ ಇರಬೇಕು ಅಂತ ಹೊರಟಾಗ ಗಾಡಿಯಲ್ಲಿ ಮೊದಲು ಮುಗಿಯೋದು ಜಾಗ ಅಲ್ಲ, ತೂಕ. ಆ ತೂಕದ ಲೆಕ್ಕವನ್ನ ಫಸ್ಟ್ ಇಯರ್ ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಕಲಿತಷ್ಟರಲ್ಲೇ ಹೇಗೆ ಮಾಡಬಹುದು ಅನ್ನೋದನ್ನ ಇಲ್ಲಿ ವಿವರಿಸುತ್ತೇವೆ.

ಉದಾಹರಣೆಗೆ ನಮ್ಮ ತುರುವನೂರು ಕಡೆಯನ್ನೇ ತಗೊಳ್ಳೋಣ. ಚಿತ್ರದುರ್ಗ ತಾಲ್ಲೂಕಿನ ಈ ಹೋಬಳಿಯ ಹೆಸರನ್ನ ನೀವು 1939ರ ಈಚಲು ಮರ ಸತ್ಯಾಗ್ರಹದ ಪಾಠದಲ್ಲಿ ಓದಿರಬಹುದು. ಸುತ್ತ ಎರೆ ಹೊಲಗಳು, ಈರುಳ್ಳಿ, ಕಡಲೆ, ಶೇಂಗಾ. ಮಳೆ ಕಡಿಮೆ, ಬಿಸಿಲು ಜಾಸ್ತಿ, ನೆರಳು ಅಪರೂಪ. ದಾರಿಯಲ್ಲಿ ಕೆರೆ ಇದ್ದರೂ ಅದರಲ್ಲಿ ನೀರಿರುತ್ತೆ ಅಂತ ಗ್ಯಾರಂಟಿ ಇಲ್ಲ. ಇಂಥ ಕಡೆ ಕ್ಯಾಂಪಿಂಗ್ ಅಂದ್ರೆ ಬೇಕಾದ್ದನ್ನೆಲ್ಲ ಮನೆಯಿಂದಲೇ ಹೊತ್ತುಕೊಂಡು ಹೋಗಬೇಕು.

ಕ್ಯಾಂಪಿಂಗ್ ಅನ್ನೋ ಪದ ಹೊಸದಿರಬಹುದು, ಕೆಲಸ ಹೊಸದಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ‘ಹೊರಬೀಡು’ ಅಂತ ಒಂದು ಆಚರಣೆ ಇದೆ. ಇಡೀ ಊರು ಮನೆಗಳಿಗೆ ಬೀಗ ಹಾಕಿ, ದನಕರು ಸಮೇತ ಹೊಲಗಳಿಗೆ ಹೋಗಿ, ಅಲ್ಲೇ ಅಡಿಗೆ ಮಾಡಿ ಉಂಡು, ಸಂಜೆಗೆ ವಾಪಸ್ ಬರೋದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೂ ಹಿಂದೆ ಮನೆಮಂದಿ ಎಲ್ಲ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಬಯಲಲ್ಲೇ ಬಿಡಾರ ಹೂಡುತ್ತಿದ್ದರು. ಆ ಗಾಡಿಗೆ ಸಾಮಾನು ಏರಿಸುವಾಗ ಹಿರಿಯರು ನೋಡುತ್ತಿದ್ದದ್ದು ಒಂದೇ: ಹಿಂಭಾರ ಆಗಬಾರದು, ಮುಂಭಾರವೂ ಆಗಬಾರದು. ಹಿಂಭಾರ ಆದ್ರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತೆ. ಮುಂಭಾರ ಆದ್ರೆ ನೊಗ ಒತ್ತಿ ಹೆಗಲು ಹುಣ್ಣಾಗುತ್ತೆ. ನಾವು ಕ್ಲಾಸಲ್ಲಿ ಮೊಮೆಂಟ್ ಅಂತ ಕರೆಯೋದು ಇದನ್ನೇ.

ಗಾಡಿ ಎಷ್ಟು ಹೊರುತ್ತೆ?

ಪ್ರತಿ ಗಾಡಿಗೂ ಎರಡು ಅಂಕಿ ಇರುತ್ತೆ. ಒಂದು ಕರ್ಬ್ ವೇಟ್, ಅಂದ್ರೆ ಜನ, ಸಾಮಾನು ಇಲ್ಲದೆ ಇಂಧನ, ಸ್ಟೆಪ್ನಿ ಸಮೇತ ಗಾಡಿಯ ತೂಕ. ಇನ್ನೊಂದು ಗ್ರಾಸ್ ವೇಟ್, ಅಂದ್ರೆ ಎಲ್ಲಾ ತುಂಬಿದ ಮೇಲೆ ಮೀರಬಾರದ ತೂಕ. ಎರಡರ ವ್ಯತ್ಯಾಸವೇ ನಮಗೆ ಸಿಗೋ ಬಜೆಟ್.

ಐದು ಬಾಗಿಲಿನ ಮಾರುತಿ ಜಿಮ್ನಿಯನ್ನ ನೋಡಿ. ಅದರ ಕರ್ಬ್ ವೇಟ್ ಸುಮಾರು 1,200 ಕೆ.ಜಿ., ಗ್ರಾಸ್ ವೇಟ್ 1,545 ಕೆ.ಜಿ. ಉಳಿಯೋದು ಸುಮಾರು 345 ಕೆ.ಜಿ. ಅಪ್ಪ, ಅಮ್ಮ, ಅಜ್ಜಿ, ಕಾಲೇಜಿಗೆ ಹೋಗೋ ಒಬ್ಬರು, ಹೀಗೆ ನಾಲ್ಕು ಜನಕ್ಕೆ 250 ಕೆ.ಜಿ. ಅಂತ ಇಟ್ಟುಕೊಳ್ಳೋಣ. ಸಾಮಾನಿಗೆ ಮಿಕ್ಕಿದ್ದು 95 ಕೆ.ಜಿ. ಮಾತ್ರ. ಆಮೇಲೆ ಹಾಕಿಸಿದ ರೂಫ್ ಕ್ಯಾರಿಯರ್, ಕಬ್ಬಿಣದ ಬಂಪರ್ ಇದ್ದರೆ ಅದೂ ಈ 95ರಲ್ಲೇ ಕಳೀಬೇಕು. ಬೇರೆ ಗಾಡಿಗೆ ಅಂಕಿ ಬೇರೆ, ಲೆಕ್ಕ ಇದೇ.

ಈಗ ಸಾಮಾನ್ಯವಾಗಿ ಮನೆಯಲ್ಲಿ ಬರೆಯೋ ಪಟ್ಟಿ ಹೀಗಿರುತ್ತೆ:

ನೀರು – 50 ಕೆ.ಜಿ.
ಟೆಂಟ್, ತಾಡಪಾಲು – 9
ಹಾಸಿಗೆ, ಕಂಬಳಿ – 8
ಸ್ಟೌವ್, ಸಿಲಿಂಡರ್, ಪಾತ್ರೆ – 14
ಊಟದ ಸಾಮಾನು – 8
ಜಾಕ್, ಹಗ್ಗ, ಸಲಿಕೆ, ಗಾಳಿ ತುಂಬೋ ಕಂಪ್ರೆಸರ್ – 10
ಬಟ್ಟೆ – 6
ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಟಾರ್ಚ್ – 2
ಮಡಚೋ ಕುರ್ಚಿ ನಾಲ್ಕು – 10

ಒಟ್ಟು 117 ಕೆ.ಜಿ. ಅಂದ್ರೆ 22 ಕೆ.ಜಿ. ಜಾಸ್ತಿ. ಡಿಕ್ಕಿಯಲ್ಲಿ ಹೇಗೋ ತುರುಕಬಹುದು, ರೂಫ್ ಮೇಲೂ ಕಟ್ಟಬಹುದು. ಆದರೆ ಬ್ರೇಕ್, ಸ್ಪ್ರಿಂಗ್, ಟೈರ್‌ಗಳಿಗೆ ಜಾಗದ ಲೆಕ್ಕ ಗೊತ್ತಾಗಲ್ಲ, ತೂಕದ ಲೆಕ್ಕ ಮಾತ್ರ ಗೊತ್ತಾಗುತ್ತೆ.

ಯಾವುದನ್ನ ಬಿಡಬೇಕು?

ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರ ನೀರು. ಹಾಗಾಗಿ ಎಲ್ಲರ ಕಣ್ಣು ಮೊದಲು ಅದರ ಮೇಲೇ ಬೀಳುತ್ತೆ. ಆದರೆ ಕೈ ಹಾಕಬಾರದ ಸಾಲು ಅದೊಂದೇ. ಕುಡಿಯೋಕೆ, ಅಡಿಗೆಗೆ ತಲಾ ದಿನಕ್ಕೆ 5 ಲೀಟರ್ ಅಂದ್ರೂ ನಾಲ್ಕು ಜನಕ್ಕೆ ಎರಡು ದಿನಕ್ಕೆ 40 ಲೀಟರ್. ಮೇಲಿನ 10 ಲೀಟರ್ ಗಾಡಿ ಕೆಟ್ಟು ಒಂದು ಮಧ್ಯಾಹ್ನ ಬಿಸಿಲಲ್ಲಿ ಕಾಯಬೇಕಾಗಿ ಬಂದ್ರೆ ಅಂತ. ಮಾರ್ಚ್ ಏಪ್ರಿಲ್‌ನಲ್ಲಿ ಎರೆ ಹೊಲದ ನಡುವೆ ಅಜ್ಜಿಯನ್ನ ನೀರಿಲ್ಲದೆ ಕೂರಿಸೋ ಹಾಗಿಲ್ಲ.

ಕಡಿಮೆ ಮಾಡೋಕೆ ಇನ್ನೊಂದು ದಾರಿ ಇದೆ: ಅಡಿಗೆ ಬದಲಾಯಿಸೋದು. ಅನ್ನ ಸಾರು ಅಂದ್ರೆ ಕುಕ್ಕರ್ ಬೇಕು, ಸಿಲಿಂಡರ್ ಬೇಕು, ಅಕ್ಕಿ ತೊಳೆಯೋಕೆ ನೀರು, ಪಾತ್ರೆ ತೊಳೆಯೋಕೆ ಮತ್ತೆ ನೀರು. ಬುತ್ತಿ ಕಟ್ಟಿದ್ರೆ ಇದ್ಯಾವುದೂ ಇಲ್ಲ. ಒಣಗಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಗಡಲೆ, ಮಂಡಕ್ಕಿ, ಮೊದಲ ದಿನಕ್ಕೆ ಬುತ್ತಿಯನ್ನ. ಇವ್ಯಾವುದಕ್ಕೂ ಒಲೆ ಬೇಡ. ಟೀ ಕಾಯಿಸೋಕೆ ಒಂದು ಪುಟ್ಟ ಸ್ಟೌವ್, ಒಂದು ಪಾತ್ರೆ ಸಾಕು. 14 ಕೆ.ಜಿ. 4ಕ್ಕೆ ಇಳಿಯಿತು. ಕುರ್ಚಿ ಬಿಟ್ಟು ಹಾಸಿಗೆಯಲ್ಲೇ ಇರೋ ಜಮಖಾನ ಹಾಸಿದ್ರೆ ಇನ್ನೊಂದು 10 ಹೋಯಿತು. ಬಟ್ಟೆಯಲ್ಲಿ 2, ಹಾಸಿಗೆಯಲ್ಲಿ 1 ಕಡಿಮೆ ಮಾಡಿದ್ರೆ ಒಟ್ಟು 94 ಕೆ.ಜಿ. ನೀರು ಒಂದು ಲೋಟವೂ ಕಡಿಮೆ ಆಗಿಲ್ಲ. ಅಜ್ಜಿಗೆ ನೆಲದ ಮೇಲೆ ಕೂರೋಕೆ ಆಗದಿದ್ದರೆ ಅವರಿಗೊಂದು ಕುರ್ಚಿ ಇರಲಿ, ಅದರ ಬದಲು ಇನ್ನೊಂದೇನಾದ್ರೂ ಮನೆಯಲ್ಲಿ ಉಳಿಯಲಿ.

ಎಲ್ಲಿ ಇಡಬೇಕು?

ಭಾರದ ಸಾಮಾನು ಕೆಳಗೆ, ಮತ್ತು ಎರಡು ಆಕ್ಸಲ್‌ಗಳ ನಡುವೆ ಆದಷ್ಟು ಮುಂದಕ್ಕೆ. ಯಾಕೆ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ.

ಜಿಮ್ನಿಯ ವ್ಹೀಲ್‌ಬೇಸ್ 2,590 ಮಿ.ಮೀ. ನೀರಿನ 50 ಕೆ.ಜಿ.ಯನ್ನ ಹಿಂದಿನ ಆಕ್ಸಲ್‌ನಿಂದ 600 ಮಿ.ಮೀ. ಹಿಂದಕ್ಕೆ ಇಟ್ಟರು ಅಂದ್ಕೊಳ್ಳಿ. ಮುಂದಿನ ಆಕ್ಸಲ್ ಸುತ್ತ ಮೊಮೆಂಟ್ ತಗೊಂಡ್ರೆ ಹಿಂದಿನ ಆಕ್ಸಲ್ ಮೇಲೆ ಬೀಳೋ ಹೆಚ್ಚುವರಿ ಭಾರ 50 ಅಲ್ಲ, ಸುಮಾರು 61.6 ಕೆ.ಜಿ. ಮಿಕ್ಕ 11.6 ಎಲ್ಲಿಂದ ಬಂತು? ಮುಂದಿನ ಗಾಲಿಗಳಿಂದ. ಅಂದ್ರೆ ಸ್ಟೀರಿಂಗ್ ತಿರುಗಿಸೋ, ಬ್ರೇಕಿನ ಹೆಚ್ಚು ಕೆಲಸ ಮಾಡೋ ಗಾಲಿಗಳು ಅಷ್ಟು ಹಗುರಾದವು. ಎತ್ತಿನ ಗಾಡಿಯಲ್ಲಿ ಮೂಕಿ ಎದ್ದ ಹಾಗೇ. ಅದೇ ಕ್ಯಾನ್‌ಗಳನ್ನ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ನೆಲದ ಮೇಲೆ ಇಟ್ಟರೆ ಈ ವ್ಯತ್ಯಾಸ ಬಹುಪಾಲು ಹೋಗುತ್ತೆ.

ಅದೇ 50 ಕೆ.ಜಿ. ರೂಫ್ ಮೇಲೆ ಹೋದ್ರೆ? ನೆಲಕ್ಕಿಂತ ಸುಮಾರು ಒಂದು ಮೀಟರ್ ಮೇಲೆ ಹೋಗುತ್ತೆ. ಇಡೀ ಗಾಡಿಯ ಗುರುತ್ವ ಕೇಂದ್ರ ಸುಮಾರು 3 ಸೆಂ.ಮೀ. ಏರುತ್ತೆ. ಟಾರ್ ರೋಡಲ್ಲಿ ಗೊತ್ತಾಗಲಿಕ್ಕಿಲ್ಲ. ಹೊಲದ ಬದು ಹತ್ತಿ ಗಾಡಿ ಒಂದು ಕಡೆ ವಾಲಿದಾಗ ಗೊತ್ತಾಗುತ್ತೆ. ರೂಫ್ ಎಷ್ಟು ತಡೆಯುತ್ತೆ ಅನ್ನೋ ಅಂಕಿ ಮ್ಯಾನ್ಯುಯಲ್‌ನಲ್ಲಿ ಬೇರೆಯಾಗೇ ಇರುತ್ತೆ. ಹಾಸಿಗೆ, ಟೆಂಟ್‌ನಂಥ ಹಗುರ ಸಾಮಾನು ಮಾತ್ರ ಮೇಲೆ ಹೋಗಲಿ.

ನೀರನ್ನ ಒಂದೇ ದೊಡ್ಡ ಡ್ರಮ್‌ನಲ್ಲಿ ಒಯ್ಯಬೇಡಿ. 10 ಲೀಟರಿನ ಐದು ಕ್ಯಾನ್ ಒಳ್ಳೇದು. ಅರ್ಧ ಖಾಲಿಯಾದ ಡ್ರಮ್‌ನಲ್ಲಿ ನೀರು ತುಳುಕಾಡುತ್ತೆ, ತಿರುವಿನಲ್ಲಿ ಭಾರ ಒಂದು ಕಡೆಗೆ ಓಡುತ್ತೆ. ಕ್ಯಾನ್ ಒಂದು ಸೋರಿದ್ರೂ ನಾಲ್ಕು ಉಳಿಯುತ್ತೆ. ಐದನೇ ಕ್ಯಾನಿನ ಮುಚ್ಚಳ ಮನೆಗೆ ವಾಪಸ್ ಬರೋವರೆಗೂ ತೆರೆಯಬಾರದು.

ಎಲ್ಲವನ್ನೂ ಹಗ್ಗ ಅಥವಾ ಬೆಲ್ಟ್‌ನಿಂದ ಬಿಗಿಯಲೇಬೇಕು. 60 ಕಿ.ಮೀ. ವೇಗದಲ್ಲಿ ಹೋಗೋ ಗಾಡಿ ಡಿಕ್ಕಿ ಹೊಡೆದು ನಿಂತರೆ, ಕಟ್ಟದ ಕ್ಯಾನ್ ಅದೇ ವೇಗದಲ್ಲಿ ಮುಂದಕ್ಕೆ ನುಗ್ಗುತ್ತೆ. ಆ ವೇಗ 14 ಮೀಟರ್ ಎತ್ತರದಿಂದ, ಅಂದ್ರೆ ನಾಲ್ಕು ಮಹಡಿ ಮೇಲಿಂದ, ಬಿದ್ದ ವಸ್ತುವಿನ ವೇಗಕ್ಕೆ ಸಮ. ಮುಂದೆ ಕೂತಿರೋದು ನಮ್ಮ ಮನೆಯವರೇ.

ಎರೆ ಮಣ್ಣು ಮತ್ತು ನಾಲ್ಕು ಗಾಲಿ

ನಾಲ್ಕೂ ಗಾಲಿಗೆ ಶಕ್ತಿ ಹೋಗುತ್ತೆ ಅಂದ ಮಾತ್ರಕ್ಕೆ ಬ್ರೇಕ್ ಜಾಸ್ತಿ ಹಿಡಿಯುತ್ತೆ ಅಂತಲ್ಲ. ಬ್ರೇಕ್ ಎಲ್ಲಾ ಕಾರಿನಲ್ಲೂ ನಾಲ್ಕು ಗಾಲಿಗೇ ಇರೋದು. ಜಿಮ್ನಿ ತರದ ಪಾರ್ಟ್ ಟೈಮ್ ಫೋರ್ ವ್ಹೀಲ್ ಡ್ರೈವ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಲಾಕ್ ಆಗೋದ್ರಿಂದ ಒಣ ಟಾರ್ ರೋಡಲ್ಲಿ ಅದನ್ನ ಹಾಕಲೇಬಾರದು. ತಿರುವಿನಲ್ಲಿ ಎರಡು ಆಕ್ಸಲ್‌ಗಳು ಬೇರೆ ಬೇರೆ ದೂರ ಕ್ರಮಿಸಬೇಕು. ಅದಕ್ಕೆ ಅವಕಾಶ ಸಿಗದೆ ಗೇರ್‌ಗಳು ಒತ್ತಡಕ್ಕೆ ಸಿಗುತ್ತವೆ.

ಇನ್ನು ಎರೆ ಮಣ್ಣು. ಒಣಗಿದಾಗ ಕಲ್ಲಿನ ಹಾಗೆ, ಕೈ ಹೋಗುವಷ್ಟು ಬಿರುಕು. ನೆಂದಾಗ ಉಬ್ಬಿ, ಟೈರಿನ ಹಲ್ಲುಗಳನ್ನೆಲ್ಲ ತುಂಬಿಕೊಂಡು ಟೈರನ್ನೇ ನುಣ್ಣಗೆ ಮಾಡಿಬಿಡುತ್ತೆ. ಮರಳಿನಲ್ಲಿ ಟೈರ್ ಗಾಳಿ ಇಳಿಸಿದ್ರೆ ಉಪಯೋಗ ಆಗುತ್ತೆ, ಹಸಿ ಎರೆಯಲ್ಲಿ ಅದರಿಂದ ದೊಡ್ಡ ಲಾಭ ಇಲ್ಲ. ಮಳೆ ಬಂದ್ರೆ ಒಳಗಿಂದ ಹೊರಡೋ ಸಾಹಸ ಬೇಡ, ನೆಲ ಆರೋವರೆಗೆ ಕಾಯಬೇಕು. ಆ ಕಾಯೋ ಒಂದು ದಿನಕ್ಕೂ ಐದನೇ ಕ್ಯಾನ್ ಬೇಕು. ಇನ್ನೂ ಒಳ್ಳೇದು, ಟೆಂಟನ್ನ ಗಟ್ಟಿ ದಾರಿಗೆ ಹತ್ತಿರ ಹಾಕೋದು.

ರಾತ್ರಿ ಗಾಡಿ ಹೇಗಿರಬೇಕು?

ಪ್ಯಾಕಿಂಗ್ ಅಂದ್ರೆ ಹೊರಡುವಾಗ ಮುಗಿಯೋ ಕೆಲಸ ಅಂತ ಅನ್ಕೊಳ್ಳಬೇಡಿ. ನಮ್ಮ ಕಡೆ ಹೊಲಗಳಲ್ಲಿ ನಾಗರ, ಕೊಳಕುಮಂಡಲ ಎರಡೂ ಇವೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು ಅಂದ್ರೆ ವಿಷಯ ಎಷ್ಟು ಗಂಭೀರ ಅಂತ ಗೊತ್ತಾಗುತ್ತೆ. ಕಡಿದಾಗ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಮಾಡಬಾರದು. ಉಂಗುರ, ಬಳೆ ತೆಗೆದು, ಆ ಅಂಗ ಅಲುಗಾಡದ ಹಾಗೆ ನೋಡಿಕೊಂಡು, 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಇಂಜೆಕ್ಷನ್ ಇರೋ ಆಸ್ಪತ್ರೆಗೆ ಆದಷ್ಟು ಬೇಗ ತಲುಪಿಸಬೇಕು. ತುರುವನೂರಿನವರಿಗೆ ಅಂದ್ರೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ.

ಆ ಹೊತ್ತಲ್ಲಿ ಹಿಂದಿನ ಸೀಟಿನ ಮೇಲೆ ಪಾತ್ರೆ, ಬ್ಯಾಗು ಗುಡ್ಡೆ ಬಿದ್ದಿದ್ದರೆ? ಅದಕ್ಕೇ ರಾತ್ರಿ ಮಲಗೋ ಮುಂಚೆ ಇಷ್ಟು ನೋಡಿ: ಹಿಂದಿನ ಸೀಟು ಒಬ್ಬರು ಮಲಗೋ ಹಾಗೆ ಖಾಲಿ ಇರಬೇಕು, ಗಾಡಿಯ ಮುಖ ದಾರಿ ಕಡೆ ಇರಬೇಕು, ಕೀ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು. ಟಾರ್ಚ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಜಾಕ್ ಬೇರೆ ಸಾಮಾನು ಇಳಿಸದೆ ಕೈಗೆ ಸಿಗಬೇಕು. ಊಟದ ಸಾಮಾನು, ಬೆಲ್ಲ, ಹಣ್ಣು ಟೆಂಟಿನೊಳಗೆ ಬೇಡ, ಮುಚ್ಚಿದ ಡಬ್ಬಿಯಲ್ಲಿ ಗಾಡಿಯೊಳಗೆ ಇರಲಿ. ಕರಡಿ ಇರೋ ಜಿಲ್ಲೆ ನಮ್ಮದು. ಜೋಗಿಮಟ್ಟಿಯಂಥ ಕಾಡಿನಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಟೆಂಟ್ ಹಾಕೋ ಹಾಗೂ ಇಲ್ಲ. ನೆಂಟರ ಹೊಲವೇ ಕ್ಷೇಮ.

ಹೊರಡೋ ಮುಂಚೆ ಒಂದು ಸಲ

ಲೆಕ್ಕ ಕಾಗದದ ಮೇಲೆ ಸರಿ ಬಂದರೂ ಗಾಡಿಯನ್ನ ಒಮ್ಮೆ ತೂಗಿಸಿ. ಈರುಳ್ಳಿ, ಶೇಂಗಾ ಲೋಡ್ ತೂಗೋ ವೇ ಬ್ರಿಡ್ಜ್ ನಮ್ಮ ಕಡೆ ಸಿಗೋದು ಕಷ್ಟ ಅಲ್ಲ. ಮೊದಲು ಮುಂದಿನ ಎರಡು ಗಾಲಿ ಮಾತ್ರ ತಟ್ಟೆ ಮೇಲೆ ಹತ್ತಿಸಿ, ಆಮೇಲೆ ಪೂರ್ತಿ ಗಾಡಿ. ಎಲ್ಲರೂ ಒಳಗೇ ಕೂತಿರಬೇಕು. ಒಟ್ಟು ತೂಕದಲ್ಲಿ ಮೊದಲನೆಯದನ್ನ ಕಳೆದರೆ ಹಿಂದಿನ ಆಕ್ಸಲ್‌ನ ಭಾರ ಸಿಗುತ್ತೆ. ಒಟ್ಟು ತೂಕ ಗ್ರಾಸ್ ವೇಟ್ ಮೀರಿದ್ರೆ ಏನಾದ್ರೂ ಇಳಿಸಿ. ಹಿಂದಿನ ಭಾರ ಮ್ಯಾನ್ಯುಯಲ್‌ನಲ್ಲಿರೋ ಮಿತಿ ಮೀರಿದ್ರೆ ಕ್ಯಾನ್‌ಗಳನ್ನ ಮುಂದಕ್ಕೆ ಸರಿಸಿ. ಆಮೇಲೆ ಡ್ರೈವರ್ ಬಾಗಿಲಿನ ಸ್ಟಿಕ್ಕರ್‌ನಲ್ಲಿ ಫುಲ್ ಲೋಡ್‌ಗೆ ಬರೆದಿರೋಷ್ಟು ಗಾಳಿ ತುಂಬಿಸಿಕೊಂಡು ಹೊರಡಿ.